ಹೃದಯ ನಿಂತ ದಾನಿಯ ಐಲೆಟ್ ಕೋಶಗಳನ್ನು ಪಡೆಯಬಹುದೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ಮಗಳಿಗೆ 34 ವರ್ಷ, ಚಿಕ್ಕಂದಿನಿಂದಲೂ ಟೈಪ್ 1 ಮಧುಮೇಹ. ಈಚೆಗೆ ಸಕ್ಕರೆ ಇಳಿಯುವುದು ಗೊತ್ತೇ ಆಗದೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದಾಳೆ. ಅಲ್ಲಿನ ವೈದ್ಯರು ಐಲೆಟ್ (ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಗುಂಪು) ಕಸಿಗೆ ಸೂಚಿಸಿ, ‘ಮಾರ್ಜಿನಲ್’ ದಾನಿಗೂ, ಅಂದರೆ ಹೃದಯ ನಿಂತು ತೀರಿಕೊಂಡವರು ಅಥವಾ ವಯಸ್ಸಾದವರಿಗೂ, ಒಪ್ಪಿಗೆ ಕೇಳಿದ್ದಾರೆ. ಬೇರೆಯವರು ಬೇಡವೆಂದದ್ದನ್ನು ಇವಳಿಗೆ ಕೊಡುತ್ತಿದ್ದಾರೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಆತಂಕ ಸಹಜ. ಆದರೆ ಇಡೀ ಮೇದೋಜೀರಕ ಗ್ರಂಥಿಯ ಕಸಿಗೆ ಒಗ್ಗದ್ದು ಐಲೆಟ್‌ಗೂ ಒಗ್ಗದು ಎಂದೇನಿಲ್ಲ. ದಪ್ಪ ಮೈಯ ದಾನಿಯ ಕೊಬ್ಬು ತುಂಬಿದ ಗ್ರಂಥಿಯನ್ನು ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಒಲ್ಲೆ ಎನ್ನುತ್ತಾರೆ. ಅದರಿಂದಲೇ ಹೆಚ್ಚು ಐಲೆಟ್ ಸಿಗುವುದುಂಟು. ಎಳೆಯ ದಾನಿಯ ಐಲೆಟ್‌ಗಳು ಚುರುಕಾಗಿದ್ದರೂ ಸುತ್ತಲಿನ ಅಂಗಾಂಶದಿಂದ ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ವಯಸ್ಸಾದವರದು ಸುಲಭವಾಗಿ ಬೇರ್ಪಡುತ್ತದೆ, ಶಕ್ತಿ ಮಾತ್ರ ತುಸು ಕಡಿಮೆ.

ಹೃದಯ ನಿಂತ ದಾನಿಯ ವಿಷಯದಲ್ಲಿ ನಿಜವಾದ ಶತ್ರು ಸಮಯ. ರಕ್ತ ಹರಿಯುವುದು ನಿಂತ ಮೇಲೆ, ಗ್ರಂಥಿಯನ್ನು ತಂಪು ಮಾಡುವವರೆಗಿನ ಒಂದೊಂದು ನಿಮಿಷವೂ ಕೋಶಗಳನ್ನು ಕೊಲ್ಲುತ್ತದೆ. ಮಿದುಳು ಸಾವಿನ ದಾನಿಗಳು ತೀರಾ ವಿರಳವಾಗಿದ್ದ ಜಪಾನಿನಲ್ಲಿ, ಕ್ಯೋಟೋ ವಿಶ್ವವಿದ್ಯಾಲಯದ ವೈದ್ಯರು 2004ರಲ್ಲಿ ಇಂಥ ದಾನಿಯ ಐಲೆಟ್‌ಗಳನ್ನೇ ಕಸಿ ಮಾಡಿದರು. ಬ್ರಿಟನ್ನಿನಲ್ಲೂ ಈ ದಾನಿಗಳನ್ನು ಬಳಸುತ್ತಾರೆ.

ನಿಮಗೆ ಧೈರ್ಯ ಕೊಡಬೇಕಾದ ಸಂಗತಿ ಇನ್ನೊಂದಿದೆ. ಮೂತ್ರಪಿಂಡವನ್ನು ಕಸಿ ಮಾಡಿದ ಮೇಲೆಯೇ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಖಚಿತವಾಗುತ್ತದೆ. ಐಲೆಟ್‌ಗಳನ್ನು ಮೊದಲೇ ಎಣಿಸಬಹುದು. ಪ್ರಯೋಗಾಲಯದಲ್ಲಿ ಗ್ರಂಥಿಯನ್ನು ಕೊಲಾಜಿನೇಸ್ ಎಂಬ ಕಿಣ್ವದಿಂದ ಸಡಿಲಿಸಿ, ಉಕ್ಕಿನ ಗುಂಡುಗಳಿರುವ ಪಾತ್ರೆಯಲ್ಲಿ ಕುಲುಕುತ್ತಾರೆ. ಡೈಥೈಜೋನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಐಲೆಟ್‌ಗಳು ಮಾತ್ರ ಕೆಂಪಗೆ ಕಾಣುತ್ತವೆ. ಸಾಮಾನ್ಯವಾಗಿ ಮೈತೂಕದ ಪ್ರತಿ ಕಿಲೋಗೆ ಕನಿಷ್ಠ 5,000 ಬೇಕು. 60 ಕಿಲೋ ತೂಕದವರಿಗೆ 3 ಲಕ್ಷ. ಲೆಕ್ಕಕ್ಕೆ ಸಾಲದಿದ್ದರೆ, ಸತ್ತ ಕೋಶಗಳು ಹೆಚ್ಚಿದ್ದರೆ ಕಸಿಯನ್ನೇ ಕೈಬಿಡುತ್ತಾರೆ. ಜರಡಿ ದಾಟಿದ್ದನ್ನು ಮಾತ್ರ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತಾರೆ.

ಹಾಗಿದ್ದೂ ಒಂದು ವಿಚಾರದಲ್ಲಿ ನಾನು ಬಿಗಿಯಾಗಿರುತ್ತೇನೆ. ಹಲವರಿಗೆ ಎರಡನೇ ದಾನಿಯ ಐಲೆಟ್ ಕೂಡ ಬೇಕಾಗುತ್ತದೆ. ಪ್ರತಿ ಹೊಸ ದಾನಿಯ ವಿರುದ್ಧವೂ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಳ್ಳಬಹುದು. ಮುಂದೆಂದಾದರೂ ಮೂತ್ರಪಿಂಡದ ಕಸಿ ಬೇಕಾದರೆ ಹೊಂದುವ ದಾನಿ ಸಿಗುವುದು ಆಗ ಕಷ್ಟ. ದುರ್ಬಲ ಐಲೆಟ್‌ಗಳನ್ನು ‘ಇರಲಿ ನೋಡೋಣ’ ಎಂದು ಪಡೆಯುವುದು ಅದಕ್ಕೇ ತಪ್ಪು. ಮಗಳ ಮೂತ್ರಪಿಂಡ ಈಗ ಹೇಗಿದೆ, ಒಂದೇ ದಾನಿಯಿಂದ ಸಾಕಷ್ಟು ಸಿಗದಿದ್ದರೆ ಏನು ಮಾಡುತ್ತಾರೆ ಎಂದು ಅವಳು ವೈದ್ಯರನ್ನು ನೇರವಾಗಿ ಕೇಳಲಿ.

ದಾನಿ ಯಾರೇ ಆಗಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳು ತಪ್ಪುವುದಿಲ್ಲ. ಸೋಂಕಿನ ಭಯವೂ ಇರುತ್ತದೆ. ಇನ್ಸುಲಿನ್ ಪೂರ್ತಿ ನಿಲ್ಲದೆಯೂ ಇರಬಹುದು. ಪ್ರಜ್ಞೆ ತಪ್ಪಿ ಬೀಳುವುದು ನಿಲ್ಲಬೇಕೆಂಬುದೇ ಈ ಕಸಿಯ ಮೊದಲ ಉದ್ದೇಶ. ಅವಳ ಸ್ಥಿತಿಯಲ್ಲಿ, ಒಳ್ಳೆಯ ಪ್ರಯೋಗಾಲಯವಿರುವ ಕೇಂದ್ರವಾದರೆ, ನಾನು ಒಪ್ಪಿಗೆ ಕೊಡಿ ಎನ್ನುತ್ತೇನೆ. ಸರದಿ ಬರುವವರೆಗೆ ಸಕ್ಕರೆ ಇಳಿದರೆ ಎಚ್ಚರಿಸುವ ಸಿಜಿಎಂ ಸಾಧನ ಸದಾ ಮೈಮೇಲಿರಲಿ. ಮನೆಯಲ್ಲಿ ಇಳಿದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಔಷಧ ಇರಲಿ, ಅದನ್ನು ಕೊಡುವುದನ್ನು ಜೊತೆಗಿರುವವರು ಕಲಿತಿರಲಿ.