ವಿಜಯಪುರದವರು ಕೇಳಿದ ಪ್ರಶ್ನೆ: ಸಕ್ರಿಯ ಜ್ವಾಲಾಮುಖಿಯ ಕುಳಿಯವರೆಗೆ ನಡೆದು ಹೋಗಬಹುದೇ? ನಮ್ಮ ಕಡೆ ಅಂಥದ್ದಿದೆಯೇ?

ಹೋಗಬಹುದು, ಆದರೆ ನಮ್ಮ ಸೀಮೆಯಲ್ಲಿ ಅಲ್ಲ. ಗೋಳಗುಮ್ಮಟದ ಕಪ್ಪು ಕಲ್ಲು, ಡೋಣಿ ನದಿ ದಂಡೆಯ ಎರೆಮಣ್ಣು ಎರಡರ ಮೂಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ನಮ್ಮ ಹೊಲದಲ್ಲಿ ಬಾವಿ ತೋಡಿದಾಗ ಸಿಕ್ಕ ಕಲ್ಲಿನ ತುಂಬ ಕಡಲೆ ಗಾತ್ರದ ತೂತುಗಳಿದ್ದವು. ಆ ಲಾವಾದಲ್ಲಿ ಸಿಕ್ಕಿಕೊಂಡ ಅನಿಲದ ಗುಳ್ಳೆಗಳ ಗುರುತು ಅದು. ಆದರೆ ಆ ಲಾವಾ ನೆಲದ ಉದ್ದುದ್ದ ಬಿರುಕುಗಳಿಂದ ಉಕ್ಕಿದ್ದರಿಂದ ಹತ್ತಿ ನೋಡಲು ಇಲ್ಲಿ ಕುಳಿ ಇಲ್ಲ.

ದೇಶದಲ್ಲಿರುವ ಏಕೈಕ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ. ಪ್ರವಾಸಿಗರು ಅಲ್ಲಿ ಇಳಿಯುವಂತಿಲ್ಲ, ಹಡಗಿನಿಂದಲೇ ನೋಡಬೇಕು.

ಮೊದಲ ಸಲದವರಿಗೆ ನಾನು ಹೇಳುವುದು ಇಂಡೋನೇಷ್ಯಾದ ಬ್ರೋಮೊ ಜ್ವಾಲಾಮುಖಿ. ಎತ್ತರ 2,329 ಮೀಟರ್. ಬೂದಿಮರಳಿನ ಬಯಲು ದಾಟಿ ಸುಮಾರು 250 ಮೆಟ್ಟಿಲು ಹತ್ತಿದರೆ ಕುಳಿಯ ಅಂಚು ಸಿಗುತ್ತದೆ. ಬೆಂಕಿಗಿಂತ ಹೆಚ್ಚು ಹೆದರಬೇಕಾದದ್ದು ಗಂಧಕದ ಹೊಗೆಗೆ. ಅದರಲ್ಲಿರುವ ಸಲ್ಫರ್ ಡೈಆಕ್ಸೈಡ್ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ, ಅಂಥಲ್ಲಿ ಕುಳಿತುಕೊಳ್ಳಬೇಡಿ. ಹೊಗೆ ನಿಮ್ಮತ್ತ ತಿರುಗಿದರೆ ಫೋಟೊ ಬಿಟ್ಟು ಗಾಳಿ ಬರುವ ದಿಕ್ಕಿಗೆ ಸರಿಯಿರಿ. ಅಸ್ತಮಾ ಇರುವವರು ದಯವಿಟ್ಟು ಹತ್ತಬೇಡಿ. ಅಲ್ಲಿ ಎಚ್ಚರಿಕೆಗೆ 1ರಿಂದ 4ರವರೆಗೆ ಹಂತಗಳಿವೆ. ಹೊರಡುವ ದಿನವೇ ವಿಚಾರಿಸಿ, ನಿಷೇಧ ಇದ್ದರೆ ಮೆಟ್ಟಿಲ ಹತ್ತಿರವೂ ಹೋಗಬೇಡಿ.