ಐದನೆಯ ಟಿಕೆಟ್

ಗುರುತು ಸಿಗಬಾರದೆಂದು ಈ ದಂಪತಿಯ ವಯಸ್ಸು, ಉದ್ಯೋಗ, ಕೆಲವು ಘಟನೆಗಳ ಕ್ರಮ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ದೇಶದಿಂದ ದೇಶಕ್ಕೆ ಊರು ಬದಲಿಸುತ್ತ ಬಾಳುವ ಇಂಥದೇ ಕಥೆ ಹೊತ್ತು ಎರಡು ವರ್ಷಗಳಲ್ಲಿ, ದಂಪತಿಗಳಿಗೆ ಸಲಹೆ ಕೊಡುವ ನನ್ನ ಬಳಿಗೆ ಬಂದ ನಾಲ್ಕನೆಯ ಜೋಡಿ ಇವರು. ಇವರಿಗೆ ನಾನು ಕೊಟ್ಟ ಸಲಹೆ ತಪ್ಪು ಎಂದು ಸಹೋದ್ಯೋಗಿಯೊಬ್ಬರು ಹೇಳಿದ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದಕ್ಕೂ ಇಲ್ಲಿ ಉತ್ತರ ಕೊಡಬೇಕಾಗಿದೆ.

ಗಂಡ ಎಲ್ಲಿ ಕುಳಿತರೂ ಮಾಡಬಹುದಾದ ಕಂಪ್ಯೂಟರ್ ಕೆಲಸದವರು. ಹೆಂಡತಿ ಶಿಕ್ಷಕಿಯ ಕೆಲಸ ಬಿಟ್ಟು ಜೊತೆಗೆ ಹೊರಟವರು. ಮೂರು ವರ್ಷಗಳಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್, ವಿಯೆಟ್ನಾಮಿನ ದಾ ನಾಂಗ್, ಮಲೇಷ್ಯಾದ ಪೆನಾಂಗ್, ಕೊನೆಗೆ ಇಂಡೊನೇಷ್ಯಾದ ಬಾಲಿ. ವಿಡಿಯೊ ಕರೆಯಲ್ಲಿ ಮಾತಾಡಿದ ಮೊದಲ ಎರಡು ದಿನ ಅವರ ಪ್ರಶ್ನೆ ಒಂದೇ: ಇಲ್ಲೇ ಇರೋಣವೇ, ಹಿಂದಿರುಗೋಣವೇ?

ಒಂದೊಂದು ಊರನ್ನೂ ಏಕೆ ಬಿಟ್ಟಿರಿ ಎಂದು ಕೇಳಿದೆ. ಪ್ರತಿಯೊಂದಕ್ಕೂ ನಿಜವಾದ ಕಾರಣವಿತ್ತು. ಚಿಯಾಂಗ್ ಮಾಯ್‌ನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೂ ಕಾಡಿಗೂ ಬಿದ್ದ ಬೆಂಕಿಯ ಹೊಗೆ ಕಣಿವೆಯನ್ನು ತುಂಬುತ್ತದೆ, ಉಸಿರಾಡುವುದೇ ಕಷ್ಟ. ದಾ ನಾಂಗ್‌ನಲ್ಲಿ ಅಕ್ಟೋಬರ್, ನವೆಂಬರ್ ತಿಂಗಳ ಮಳೆ ಬೀದಿಗಳನ್ನು ಮುಳುಗಿಸುತ್ತದೆ. ಪೆನಾಂಗ್‌ನಲ್ಲಿ ಬಾಡಿಗೆಯ ಕರಾರು ಮುಗಿದಿತ್ತು. ಯಾವ ಕಾರಣವನ್ನೂ ತಳ್ಳಿಹಾಕುವಂತಿರಲಿಲ್ಲ. ಅದರಿಂದಾಗಿ ನನಗೂ ಎರಡು ಭೇಟಿಗಳವರೆಗೆ ಏನೂ ಕಾಣಲಿಲ್ಲ.

ಮೂರನೆಯ ಭೇಟಿಯಲ್ಲಿ ಹೆಂಡತಿ ನ್ಯೆಪಿ ದಿನದ ಮಾತೆತ್ತಿದರು. ನ್ಯೆಪಿ ಎಂದರೆ ಬಾಲಿಯ ಹಿಂದೂಗಳ ಶಕ ಪಂಚಾಂಗದ ಹೊಸ ವರ್ಷ, ಮೌನದ ದಿನ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ದೀಪ ಬೆಳಗುವಂತಿಲ್ಲ, ಕೆಲಸ, ಓಡಾಟ, ಮನರಂಜನೆ ಯಾವುದೂ ಇಲ್ಲ. ಪ್ರವಾಸಿಗಳೂ ಮನೆ ಬಿಟ್ಟು ಹೊರಬರುವಂತಿಲ್ಲ. ವಿಮಾನ ನಿಲ್ದಾಣ ಇಪ್ಪತ್ತನಾಲ್ಕು ಗಂಟೆ ಮುಚ್ಚಿರುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ ಅನ್ನೂ ಆ ದಿನ ನಿಲ್ಲಿಸುತ್ತಾರೆ. ಪೆಚಾಲಾಂಗ್ ಎಂಬ ಊರ ಕಾವಲುಗಾರರು ಬೀದಿ ಸುತ್ತುತ್ತಾರೆ.

ಆ ದಿನ ಮಧ್ಯಾಹ್ನ ಇಬ್ಬರಿಗೂ ಜಗಳ ಹತ್ತಿತ್ತು. ಹಣದ ವಿಷಯ. ಖರ್ಚಿನ ಲೆಕ್ಕವನ್ನೆಲ್ಲ ಗಂಡನೇ ನೋಡುತ್ತಿದ್ದರು. ತನ್ನ ಉಳಿತಾಯ ಮೊದಲ ವರ್ಷವೇ ಕರಗಿಹೋದದ್ದನ್ನು ಹೆಂಡತಿ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಕತ್ತಲಾಯಿತು, ದೀಪವಿಲ್ಲ. ದನಿ ಏರಿದಾಗ ಕಾಂಪೌಂಡಿನಾಚೆ ಕಾವಲುಗಾರನ ಟಾರ್ಚ್ ಬೆಳಕು ಸುಳಿಯಿತು. ಇಬ್ಬರೂ ದನಿ ತಗ್ಗಿಸಿದರು. ಆಮೇಲೆ ರಾತ್ರಿಯಿಡೀ ಪಿಸುಮಾತಿನಲ್ಲೇ ಜಗಳ ಸಾಗಿತು.

“ಅಂದು ಟಿಕೆಟ್ ನೋಡಲು ಇಂಟರ್ನೆಟ್ ಇರಲಿಲ್ಲ ಮೇಡಂ,” ಎಂದರು ಹೆಂಡತಿ. “ಹಾಗಾಗಿ ಮೊದಲ ಸಲ ಜಗಳ ಬೆಳಗಿನವರೆಗೂ ನಡೆಯಿತು.”

ಗಂಡ ಅವರತ್ತ ತಿರುಗಿದರು. “ಟಿಕೆಟ್‌ಗೂ ಜಗಳಕ್ಕೂ ಏನು ಸಂಬಂಧ?”

“ಪ್ರತಿ ಸಲ ಜಗಳವಾದ ರಾತ್ರಿ ನೀನು ಲ್ಯಾಪ್‌ಟಾಪ್ ತೆರೆದು ಮುಂದಿನ ಊರು ತೋರಿಸುತ್ತೀಯ. ನಾನೂ ಪಕ್ಕ ಕುಳಿತು ಮನೆಗಳ ಚಿತ್ರ ನೋಡುತ್ತೇನೆ. ಬೆಳಗಾಗುವಷ್ಟರಲ್ಲಿ ಇಬ್ಬರಿಗೂ ಖುಷಿ.”

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಕೊನೆಗೆ ಗಂಡ ಮೆಲ್ಲಗೆ ಹೇಳಿದರು: “ನನಗೆ ರಾಜಿಯಾಗಲು ಬೇರೆ ದಾರಿ ಗೊತ್ತಿರಲಿಲ್ಲ.”

ನಾನು ಕೊಟ್ಟ ಸಲಹೆ ಹೀಗಿತ್ತು. ಬಾಲಿಯ ವೀಸಾ ಹೇಗೂ ಮುಗಿಯುತ್ತಿದೆ, ಹೊರಡಲೇಬೇಕು. ಆದರೆ ಕಾನೂನು ದೀರ್ಘಕಾಲ ಇರಲು ಬಿಡುವ ಒಂದೇ ಜಾಗ ಆರಿಸಿಕೊಳ್ಳಿ. ಅಲ್ಲಿ ಆರು ತಿಂಗಳು ಮುಂದಿನ ಊರಿನ ಮಾತು ಬೇಡ. ಆ ಅವಧಿಯಲ್ಲಿ ಗಂಡನಿಗೆ ಪರಿಚಯವಿಲ್ಲದ ಒಬ್ಬರಾದರೂ ಹೆಂಡತಿಗೆ, ಹೆಂಡತಿಗೆ ಪರಿಚಯವಿಲ್ಲದ ಒಬ್ಬರಾದರೂ ಗಂಡನಿಗೆ ಸ್ನೇಹಿತರಾಗಿರಲಿ. ಹಿಂದಿರುಗಲು ಸಾಕಾಗುವಷ್ಟು ಹಣ ಇಬ್ಬರ ಹೆಸರಿನಲ್ಲೂ ಬೇರೆ ಬೇರೆಯಾಗಿರಲಿ.

ಸಹೋದ್ಯೋಗಿಯ ಆಕ್ಷೇಪ ಸರಳವಾಗಿತ್ತು: ನಂಟರಿಲ್ಲದ, ಭಾಷೆ ಬಾರದ ನೆಲದಲ್ಲಿ ನಲುಗುತ್ತಿರುವವರನ್ನು ಮನೆಗೆ ಕಳುಹಿಸದೆ ಅಲ್ಲೇ ಕಟ್ಟಿಹಾಕುವುದೇ? ನನ್ನ ಉತ್ತರ ಇಂದಿಗೂ ಬದಲಾಗಿಲ್ಲ. ಆ ಸ್ಥಿತಿಯಲ್ಲಿ ಮನೆಗೆ ಮರಳಿದ್ದರೆ ಅದು ಐದನೆಯ ಟಿಕೆಟ್ ಆಗುತ್ತಿತ್ತು. ಅದೇ ಹಳೆಯ ರಾಜಿ, ಹೊಸ ವಿಳಾಸ. ಪರದೇಶದ ಒಗ್ಗಿಕೊಳ್ಳುವಿಕೆಯ ಬಗ್ಗೆ ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲೇ ಬರೆದಿದ್ದರು: ಮೊದಲು ಮಧುಚಂದ್ರದಂಥ ಹಂತ, ಬಳಿಕ ಬಿಕ್ಕಟ್ಟು, ಆಮೇಲೆ ನಿಧಾನವಾದ ಚೇತರಿಕೆ. ಈ ಹಂತಗಳು ಎಲ್ಲರಿಗೂ ಅಚ್ಚುಕಟ್ಟಾಗಿ ಹೊಂದುವುದಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ದಂಪತಿಯಂತೂ ಬಿಕ್ಕಟ್ಟು ಶುರುವಾದಾಗಲೆಲ್ಲ ಹೊಸ ಮಧುಚಂದ್ರಕ್ಕೆ ಹೊರಟಿದ್ದರು. ಚೇತರಿಕೆ ಹೇಗಿರುತ್ತದೆಂದು ಅವರು ನೋಡಿಯೇ ಇರಲಿಲ್ಲ. ಪ್ರವಾಸವನ್ನು ನಾನು ದೂಷಿಸುವುದಿಲ್ಲ. ಇಬ್ಬರೇ ಒಬ್ಬರಿಗೊಬ್ಬರು ಬಂಧು, ನೆರೆಹೊರೆ, ಗೆಳೆಯರು ಎಲ್ಲವೂ ಆಗಿ ಬಾಳುವ ಭಾರವನ್ನು ಯಾವ ಮದುವೆಯೂ ಬಹಳ ದಿನ ಹೊರಲಾರದು ಎನ್ನುವುದನ್ನು ಮಾತ್ರ ಬಲವಾಗಿ ನಂಬಿದ್ದೇನೆ.

ಓದುವವರು ಒಂದನ್ನು ಗಮನಿಸಬೇಕು. ಈ ಸಲಹೆ ಕೊಡುವ ಮೊದಲು ಇಬ್ಬರೊಡನೆಯೂ ಪ್ರತ್ಯೇಕವಾಗಿ ಮಾತಾಡಿದ್ದೆ. ಹೊಡೆತ, ಬೆದರಿಕೆ, ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವುದು ಇವುಗಳಲ್ಲಿ ಯಾವುದೊಂದು ಇದ್ದರೂ ಒಂದೇ ಕಡೆ ನಿಲ್ಲಿ ಎಂಬ ಮಾತು ಅಪಾಯಕಾರಿ. ಅಂಥಲ್ಲಿ ಪಾಸ್‌ಪೋರ್ಟ್ ಮತ್ತು ಹಣ ಕೈಯಲ್ಲಿಟ್ಟುಕೊಂಡು ಮೊದಲು ಹೊರಬರಬೇಕು.

ಅವರು ಮತ್ತೆ ಚಿಯಾಂಗ್ ಮಾಯ್ ಆರಿಸಿದರು. ಥಾಯ್ಲೆಂಡ್ 2024ರಲ್ಲಿ ತಂದ ಡಿಟಿವಿ (ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ) ಐದು ವರ್ಷದ್ದು. ಒಮ್ಮೆ ಒಳಗೆ ಬಂದರೆ 180 ದಿನ ಇರಬಹುದು. ಅರ್ಜಿದಾರರು 5 ಲಕ್ಷ ಬಾತ್ (ಥಾಯ್ಲೆಂಡಿನ ಹಣ) ಉಳಿತಾಯ ತೋರಿಸಬೇಕು. ಆ ದಾಖಲೆಗಾಗಿ ಖಾತೆಗಳನ್ನು ತೆರೆದು ಕುಳಿತ ಸಂಜೆ, ನ್ಯೆಪಿಯ ರಾತ್ರಿ ಅರ್ಧಕ್ಕೆ ಬಂದಿದ್ದ ಮಾತು ಪೂರ್ತಿಯಾಯಿತಂತೆ. ಹೆಂಡತಿಯ ಹೆಸರಿನಲ್ಲಿ ಏನೂ ಉಳಿದಿಲ್ಲವೆಂಬುದನ್ನು ಗಂಡ ಮೊದಲ ಬಾರಿಗೆ ಅಂಕಿಗಳಲ್ಲಿ ಕಂಡರು. ಈಗ ಪ್ರತಿ ತಿಂಗಳೂ ಹೆಂಡತಿಯ ಖಾತೆಗೆ ಒಂದು ಪಾಲು ಹೋಗುತ್ತದೆ.

ಮಾರ್ಚ್‌ನಲ್ಲಿ ಹೊಗೆ ಬಂತು. ಹೆಂಡತಿ ಕರೆ ಮಾಡಿ, ಎರಡು ವಾರ ದಕ್ಷಿಣದ ಕಡಲತೀರಕ್ಕೆ ಹೋಗಿಬರಬಹುದೇ ಎಂದು ಕೇಳಿದರು. ಜಗಳವೇನಾದರೂ ಆಗಿದೆಯೇ ಎಂದೆ.

“ಇಲ್ಲ ಮೇಡಂ, ಈ ಸಲ ಬರೀ ಹೊಗೆ. ವಾಪಸ್ ಬರುವ ಟಿಕೆಟನ್ನೂ ತೆಗೆದಿದ್ದೇವೆ.”