ಕಾಂಗೋ ದೇಶ ಹೇಗಿದೆ? ಅಲ್ಲಿ ಕೆಲಸಕ್ಕೆ ಹೋಗಬಹುದಾ?

ಆಫರ್ ಲೆಟರ್ ಬಂದಿದೆ, ಕಾಂಗೋ ಹೇಗಿದೆ, ಸೇಫಾ ಅಂತ ಕೇಳಿದ್ದೀರಿ. 2013ರಲ್ಲಿ ತುಮಕೂರಿನ ನಮ್ಮ ಮನೆ ಜಗಲಿ ಮೇಲೆ ಕೂತು ನಾನು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೂ ಇದನ್ನೇ. ಒಬ್ಬರು ಚೆನ್ನಾಗಿದೆ ಅಂದರು, ಇನ್ನೊಬ್ಬರು ಯುದ್ಧ ನಡೀತಿದೆ ಅಂದರು. ಇಬ್ಬರು ಹೇಳಿದ್ದೂ ನಿಜವೇ. ಯಾವ ಊರಿನ ಮಾತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಗೆ ಹೋಗಿ ಹದಿನೆಂಟು ತಿಂಗಳಿಗೆ ಕೆಲಸ ಕಳೆದುಕೊಂಡು ವಾಪಸ್ ಬಂದೆ.

ನನ್ನ ಕೆಲಸ ಇದ್ದದ್ದು ರಾಜಧಾನಿ ಕಿನ್ಶಾಸಾದಲ್ಲಿ, ಔಷಧಿ ಹೋಲ್‌ಸೇಲ್ ವ್ಯಾಪಾರದಲ್ಲಿ. ಖರೀದಿ ಮತ್ತು ಸ್ಟಾಕ್ ನನ್ನ ಹೊಣೆ. ಕಿನ್ಶಾಸಾ ಕೋಟಿಗೂ ಮೀರಿ ಜನ ಇರುವ ಊರು. ಸಂಜೆ ನದಿ ದಂಡೆಗೆ ಹೋಗಿ ನಿಂತರೆ ಎದುರು ದಡದಲ್ಲಿ ಇನ್ನೊಂದು ದೇಶದ ರಾಜಧಾನಿ ಬ್ರಾಝವಿಲ್‌ನ ದೀಪಗಳು ಕಾಣುತ್ತವೆ. ಆ ದೇಶದ ಹೆಸರಲ್ಲೂ ಕಾಂಗೋ ಇದೆ. ನಾನು ಹೇಳುತ್ತಿರುವುದು ಕಿನ್ಶಾಸಾ ಕಡೆಯ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಬಗ್ಗೆ, ಮೊದಲು ಜೈರ್ ಅಂತಿದ್ದರಲ್ಲ, ಅದು. ನಿಮ್ಮ ಲೆಟರ್‌ನಲ್ಲಿ ಯಾವ ಕಾಂಗೋ ಅಂತ ಇದೆ, ಇವತ್ತೇ ನೋಡಿ.

ಊರಿಗೆ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ. ಮರಗೆಣಸಿನ ಹಿಟ್ಟಿನ ಫುಫು ನಮ್ಮ ಮುದ್ದೆಯ ಹಾಗೇ ಬಿಸಿ ನೀರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ತಿರುವಿ ಮಾಡುವುದು. ಜೊತೆಗೆ ಮರಗೆಣಸಿನ ಎಲೆಯನ್ನೇ ಕುಟ್ಟಿ, ತಾಳೆ ಎಣ್ಣೆ ಹಾಕಿ ಬೇಯಿಸಿದ ಪೊಂಡು. ವಾರದಲ್ಲಿ ನಾಲ್ಕು ದಿನ ಅದನ್ನೇ ಉಣ್ಣುತ್ತಿದ್ದೆ. ಬೀದಿಯಲ್ಲಿ ಲಿಂಗಾಲ, ಆಫೀಸಿನಲ್ಲಿ ಫ್ರೆಂಚ್. ಲಿಂಗಾಲದಲ್ಲಿ 'ಮ್ಬೋಟೆ' ಅಂದರೆ ನಮಸ್ಕಾರ. ಅದೊಂದನ್ನು ನಗುನಗುತ್ತಾ ಹೇಳಿದರೆ ಸಂತೆಯಲ್ಲಿ ಮಾತು ಶುರುವಾಗುತ್ತದೆ.

ಈಗ ತಪ್ಪಿನ ವಿಷಯ. ಇದನ್ನು ಪೂರ್ತಿ ಓದಿ.

2014ರ ಆರಂಭದಲ್ಲಿ ನಮ್ಮವರು ಲುಬುಂಬಾಶಿಯಲ್ಲಿ ಗೋದಾಮು ತೆರೆದರು. ಅದು ದೇಶದ ದಕ್ಷಿಣ ತುದಿ, ತಾಮ್ರದ ಗಣಿಗಳ ಸೀಮೆ. ಮಲೇರಿಯಾ ಮಾತ್ರೆ, ಮಕ್ಕಳ ಸಿರಪ್, ಓಆರ್‌ಎಸ್ ಪ್ಯಾಕೆಟ್, ಎಲ್ಲ ಸೇರಿ ಎರಡು ಕಂಟೇನರ್ ಮಾಲು ಅಲ್ಲಿಗೆ ಹೋಗಬೇಕಿತ್ತು. ಕಿನ್ಶಾಸಾದ ಮಾಲು ಹೇಗೂ ಮಟಾಡಿ ಬಂದರಿಗೆ ಬರುತ್ತದೆ. ಇದೂ ಅದೇ ಹಡಗಿನಲ್ಲಿ ಬರಲಿ, ಸಾಗಣೆ ಉಳಿಯುತ್ತದೆ, ಕಸ್ಟಮ್ಸ್ ಒಂದೇ ಸಲಕ್ಕೆ ಮುಗಿಯುತ್ತದೆ, ಆಮೇಲೆ ದೇಶದೊಳಗಿನ ಸಾಗಾಟ ತಾನೆ ಅಂತ ಲೆಕ್ಕ ಹಾಕಿದೆ. ಮಂಗಳೂರು ಬಂದರಿಗೆ ಬಂದ ಮಾಲು ಬೀದರಿಗೆ ಹೋಗುವುದಿಲ್ಲವೇ, ಹಾಗೆ ಅಂದುಕೊಂಡೆ. ನಕ್ಷೆಯಲ್ಲಿ ಗೆರೆಗಳಿದ್ದವು. ಆ ಗೆರೆಗಳೆಲ್ಲ ಲಾರಿ ಓಡುವ ರಸ್ತೆಗಳು ಅಂತ ನಂಬಿದೆ.

ಕಿನ್ಶಾಸಾದಿಂದ ಲುಬುಂಬಾಶಿಗೆ ನೇರ ಗೆರೆ ಎಳೆದರೇ 1,500 ಕಿಲೋಮೀಟರ್ ದಾಟುತ್ತದೆ. ಉದ್ದಕ್ಕೂ ಟಾರು ಹಾಕಿದ ರಸ್ತೆ ಇಲ್ಲ. ಒಳನಾಡಿನ ದಾರಿ ಹೀಗೆ: ಮಟಾಡಿಯಿಂದ ಕಿನ್ಶಾಸಾಕ್ಕೆ ರೈಲು ಅಥವಾ ಲಾರಿ. ಅಲ್ಲಿ ಕಂಟೇನರ್‌ನಿಂದ ಪೆಟ್ಟಿಗೆ ಇಳಿಸಿ ದೋಣಿಗೆ ಹಾಕಿ ಕಾಂಗೋ ನದಿ, ಅದರಿಂದ ಕಸಾಯಿ ನದಿ ಹಿಡಿದು ಇಲೆಬೋ ತನಕ. ಇಲೆಬೋದಲ್ಲಿ ಮತ್ತೆ ಇಳಿಸಿ ಲುಬುಂಬಾಶಿಯ ರೈಲಿಗೆ. ನಮ್ಮ ಮಾಲು ಏಪ್ರಿಲ್‌ನಲ್ಲಿ ಮಟಾಡಿಗೆ ಬಂತು. ಕಿನ್ಶಾಸಾ ಸೇರುವಾಗ ಮೇ ಕೊನೆ. ಜೂನ್ ಅಂದರೆ ಮಳೆ, ನದಿ ತುಂಬುತ್ತದೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಅದು ಭೂಮಧ್ಯರೇಖೆಯ ದಕ್ಷಿಣ. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಒಣಗಾಲ. ಕಸಾಯಿಯ ನೀರು ಇಳಿದು ಮರಳುದಿಣ್ಣೆಗಳು ಮೇಲೆದ್ದಿದ್ದವು. ಭಾರ ತುಂಬಿದ ದೋಣಿ ಬಿಡಲು ಯಾರೂ ಒಪ್ಪಲಿಲ್ಲ. ಪೆಟ್ಟಿಗೆಗಳು ನದಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಕ್ಟೋಬರ್ ತನಕ ಬಿದ್ದಿದ್ದವು. ಇಲೆಬೋದಲ್ಲಿ ರೈಲು ಎಂಜಿನ್‌ಗೆ ಮತ್ತೆ ಕಾದವು. ಲುಬುಂಬಾಶಿ ತಲುಪಿದ್ದು 2015ರ ಫೆಬ್ರವರಿಯಲ್ಲಿ.

ಪೆಟ್ಟಿಗೆ ತೆರೆಯುವಾಗ ನಾನು ಅಲ್ಲಿದ್ದೆ. ರಟ್ಟು ಒದ್ದೆಯಾಗಿ ಒಣಗಿ ಉಬ್ಬಿತ್ತು. ಸಿರಪ್ ಬಾಟಲಿಗಳ ಲೇಬಲ್ ಅಂಟು ಬಿಟ್ಟು ಕೈಗೆ ಬರುತ್ತಿತ್ತು. ಗೋದಾಮಿನ ಹಿರಿಯರು, ಎಲ್ಲರೂ ಪಾಪಾ ಅಂತ ಕರೆಯುತ್ತಿದ್ದವರು, ಒಂದೊಂದೇ ಬಾಟಲಿ ಎತ್ತಿ ಎಕ್ಸ್‌ಪೈರಿ ತಾರೀಖಿನ ಮೇಲೆ ಹೆಬ್ಬೆರಳು ಇಟ್ಟು ನನಗೆ ತೋರಿಸಿದರು. ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಅಂತ ಆಸ್ಪತ್ರೆಗಳ ಷರತ್ತು. ಅಷ್ಟು ಉಳಿದಿದ್ದ ಪೆಟ್ಟಿಗೆಗಳು ಕೆಲವೇ. ಹೊರಗೆ ಮಳೆಗಾಲ, ಮಲೇರಿಯಾ ಜೋರಿದ್ದ ಹೊತ್ತು. ಪಾಪಾ ಬೈಯಲಿಲ್ಲ. "ಉಪ್ಪಿನಿಂದ ಸಿಮೆಂಟಿನ ತನಕ ನಮಗೆಲ್ಲ ಬರುವುದು ಕಸುಂಬಲೇಸಾದಿಂದ. ಒಂದು ಫೋನ್ ಮಾಡಿದ್ದರೆ ಹೇಳುತ್ತಿದ್ದೆ" ಅಂದರು. ಕಸುಂಬಲೇಸಾ ಅಂದರೆ ಜಾಂಬಿಯಾ ಗಡಿಯ ಊರು. ಲುಬುಂಬಾಶಿಯವರು ತಾಂಜಾನಿಯಾದ ದಾರ್ ಎಸ್ ಸಲಾಮ್ ಅಥವಾ ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿನಿಂದ ಲಾರಿಯಲ್ಲಿ ಮಾಲು ತರಿಸುತ್ತಾರೆ. ನಾನು ಉಳಿಸಲು ಹೋದ ಸಾಗಣೆಯ ಹಣಕ್ಕಿಂತ ಎಷ್ಟೋ ಪಟ್ಟು ಬೆಲೆಯ ಔಷಧಿ ಹಾಳಾಯಿತು. ಔಷಧಿ ಇಲ್ಲದೆ ಆ ಮಳೆಗಾಲ ಯಾರ ಮನೆಯಲ್ಲಿ ಏನಾಯಿತೋ ಅನ್ನುವುದು ಇವತ್ತಿಗೂ ರಾತ್ರಿ ನೆನಪಾಗುತ್ತದೆ. ಕೆಲಸ ಹೋಯಿತು. ಸೈಟಿಗೆ ಕೊಟ್ಟಿದ್ದ ಮುಂಗಡವೂ ಹೋಯಿತು.

ವಾಪಸ್ ಬಂದ ಮೇಲೆ ಕೂತು ಓದಿದೆ. ಈ ಕಾಂಗೋದ ವಿಸ್ತೀರ್ಣ 23 ಲಕ್ಷ ಚದರ ಕಿಲೋಮೀಟರ್‌ಗಿಂತ ಹೆಚ್ಚು. ಹನ್ನೆರಡು ಕರ್ನಾಟಕ ಹಿಡಿಸುತ್ತದೆ, ಆಫ್ರಿಕಾದಲ್ಲಿ ಇದಕ್ಕಿಂತ ದೊಡ್ಡದು ಅಲ್ಜೀರಿಯಾ ಮಾತ್ರ. ಅಷ್ಟು ದೊಡ್ಡ ದೇಶಕ್ಕೆ ಸಮುದ್ರ ದಡ ನಲವತ್ತು ಕಿಲೋಮೀಟರ್‌ನಷ್ಟು. ಪಶ್ಚಿಮಕ್ಕೆ ಒಂದು ಗಡಿಯಾರ, ಪೂರ್ವಕ್ಕೆ ಒಂದು ಗಂಟೆ ಮುಂದಿನ ಇನ್ನೊಂದು. 1885ರಿಂದ 1908ರ ತನಕ ಅದು ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್‌ನ ಸ್ವಂತ ಆಸ್ತಿ. ರಬ್ಬರಿಗಾಗಿ ಜನರನ್ನು ಹಿಂಸಿಸಿ ದುಡಿಸಿದರು. ಮಟಾಡಿಯ ರೈಲು ಹಾಕಿದ್ದು ಆ ಕಾಲದಲ್ಲೇ, 1898ರಲ್ಲಿ ಮುಗಿಯಿತು. ಒಳಗಿನ ಮಾಲನ್ನು ಹೊರಗೆ ಸಾಗಿಸುವುದಕ್ಕೆ ಹಾಕಿದ ಹಳಿ ಅದು, ಊರಿಗೂ ಊರಿಗೂ ಸೇರಿಸುವುದಕ್ಕಲ್ಲ. 1960ರ ಜೂನ್ 30ಕ್ಕೆ ಸ್ವಾತಂತ್ರ್ಯ ಬಂತು. ಎರಡು ವಾರದೊಳಗೆ ಲುಬುಂಬಾಶಿಯ ಕಟಾಂಗಾ ಪ್ರಾಂತ್ಯ ತಾನು ಬೇರೆ ದೇಶ ಅಂದಿತು. ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು 1961ರ ಜನವರಿಯಲ್ಲಿ ಕೊಂದದ್ದೂ ಆ ಕಟಾಂಗಾದಲ್ಲೇ. ಆಮೇಲೆ 1965ರಿಂದ 1997ರ ತನಕ ಸರ್ವಾಧಿಕಾರಿ ಮೊಬುಟು ಆಳಿದ, ರಸ್ತೆಗಳು ಕಾಡಾದವು. ಇಷ್ಟನ್ನು ಹೋಗುವ ಮೊದಲು ಓದಿದ್ದರೆ ಆ ಗೆರೆಗಳನ್ನು ನಂಬುತ್ತಿರಲಿಲ್ಲ.

ಆದ್ದರಿಂದ 'ಕಾಂಗೋ ಸೇಫಾ' ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗೋಮಾದಲ್ಲಿ ಕೆಲಸ ಅಂದರೆ ಹೋಗಬೇಡಿ, ಸಂಬಳ ಎಷ್ಟೇ ಇರಲಿ. ಪೂರ್ವದ ಆ ಊರನ್ನು 2025ರ ಜನವರಿಯಲ್ಲಿ ಎಂ23 ಬಂಡುಕೋರರು ಹಿಡಿದರು, ಮರುತಿಂಗಳು ಬುಕಾವುವನ್ನೂ ಹಿಡಿದರು. ಕಿನ್ಶಾಸಾ ಅಲ್ಲಿಂದ ಎಷ್ಟೋ ದೂರ. ಕಿನ್ಶಾಸಾದಲ್ಲಿ ನೀವು ಮುಖ್ಯವಾಗಿ ಕಾಪಾಡಿಕೊಳ್ಳಬೇಕಾದ್ದು ಜೇಬು, ಮತ್ತೆ ಸೊಳ್ಳೆಯಿಂದ ಮೈ. ಕೊಲ್ವೇಜಿ, ಲುಬುಂಬಾಶಿ ಕಡೆಯಾದರೆ ಗಣಿ ಕೆಲಸ ಇರಬಹುದು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಈ ದೇಶದ್ದೇ. ಅಲ್ಲಿ ಲಿಂಗಾಲ ನಡೆಯುವುದಿಲ್ಲ, ಸ್ವಾಹಿಲಿ ಬೇಕು. ಫುಫುವಿಗೆ ಬುಕಾರಿ ಅನ್ನುತ್ತಾರೆ, ಹಿಟ್ಟು ಮೆಕ್ಕೆಜೋಳದ್ದು.

ಸಂಬಳ, ಬೋನಸ್, ವರ್ಷಕ್ಕೊಮ್ಮೆ ಟಿಕೆಟ್, ಇವನ್ನೆಲ್ಲ ನೀವು ಕೇಳಿಯೇ ಇರುತ್ತೀರಿ. ಆ ಊರಿನಲ್ಲೇ ಈಗ ಇರುವ ಒಬ್ಬರ ಫೋನ್ ನಂಬರ್ ಕೊಡಿ ಅಂತ ಕೇಳಿ. ಕೊಡದಿದ್ದರೆ ಸಹಿ ಹಾಕಬೇಡಿ. ಫ್ರೆಂಚ್ ಇವತ್ತಿನಿಂದಲೇ ಕಲಿಯಿರಿ. ಯೆಲ್ಲೋ ಫೀವರ್ ಲಸಿಕೆಯ ಹಳದಿ ಕಾರ್ಡ್ ಪಾಸ್‌ಪೋರ್ಟ್ ಜೊತೆ ಇರಲಿ, ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ. ಡಾಲರ್ ಒಯ್ಯುವುದಾದರೆ ಹೊಸ ನೋಟು ಒಯ್ಯಿರಿ, ಅಂಚು ಚೂರು ಹರಿದಿದ್ದರೂ ಅಂಗಡಿಯವರು ವಾಪಸ್ ಕೊಡುತ್ತಾರೆ.

ಲೆಟರ್‌ನಲ್ಲಿ ಇರುವ ಊರಿನ ಹೆಸರನ್ನು ಇಲ್ಲೇ ಕೆಳಗೆ ಬರೆಯಿರಿ, ಆಮೇಲೆ ಮುಂದಿನದು ಹೇಳುತ್ತೇನೆ. ಲುಬುಂಬಾಶಿ ಆದರೆ ಒಂದು ದಪ್ಪ ಸ್ವೆಟರ್ ಇಟ್ಟುಕೊಳ್ಳಿ. ಜೂನ್, ಜುಲೈ ರಾತ್ರಿ ಅಲ್ಲಿ ನಮ್ಮ ಡಿಸೆಂಬರ್‌ಗಿಂತ ಚಳಿ.